ಬೀರುವಿನ ಹಿಂದಿನ ಗೋಡೆ

ಮಕ್ಕಳೇ, ನಾವು ಕೊಳ್ಳದೆ ಬಿಟ್ಟ ಒಂದು ಮನೆಯ ವಿಷಯ ಬರೆಯುತ್ತಿದ್ದೇನೆ. ಅದು ಚಾಮರಾಜಪುರದಲ್ಲಿತ್ತು. ಈಗಲೂ ಇದೆಯೋ ಏನೋ, ಆ ಬೀದಿಗೆ ನಾನು ಮತ್ತೆ ಕಾಲಿಟ್ಟಿಲ್ಲ.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಿಮ್ಮ ತಾತ ದೇವರಾಜ ಮೊಹಲ್ಲಾದಲ್ಲಿ ಕಬ್ಬಿಣದ ಸಾಮಾನಿನ ಸಣ್ಣ ಅಂಗಡಿ ಇಟ್ಟಿದ್ದರು. ನಾವಿದ್ದ ಬಾಡಿಗೆ ಮನೆಯನ್ನು ಬಿಡಬೇಕೆಂದು ಅದರ ಯಜಮಾನರು ಹೇಳಿ ಕಳಿಸಿದ್ದರು, ಅವರ ಮಗಳು ಅಳಿಯ ಬಂದು ಇರುವವರಿದ್ದರು. ತಾತನಿಗೆ ರೋಷ ಬಂತು. ಊರಿನಲ್ಲಿ ತಮ್ಮ ಪಾಲಿಗೆ ಬಂದಿದ್ದ ಗದ್ದೆಯನ್ನು ಮಾರಿಬಿಟ್ಟರು. ನಮಗಿದ್ದದ್ದು ಆ ಗದ್ದೆಯೊಂದೇ. ಅದು ಈಗ ಮನೆಯಾಗಬೇಕಿತ್ತು. ಎಡವಿದರೆ ಗದ್ದೆಯೂ ಇಲ್ಲ, ಮನೆಯೂ ಇಲ್ಲ.

ಮನೆ ಮಾರುವವರು ಅರಮನೆಯ ಕಚೇರಿಯಲ್ಲಿದ್ದು ನಿವೃತ್ತರಾದವರು. ತಲೆಗೆ ಪೇಟ, ಬಾಯಲ್ಲಿ ಮೆಲುಮಾತು. ಮನೆ ತೋರಿಸಿದ ದಳ್ಳಾಳಿ ಮಾತ್ರ ಸಂತೆಯಲ್ಲಿ ಎತ್ತು ಮಾರುವವರ ಹಾಗೆ ಕೂಗಿ ಮಾತಾಡುತ್ತಿದ್ದ. ತಾತ ಒಂದು ಸಲ ನೋಡಿ ಒಪ್ಪಿ ಬಂದಿದ್ದರು. ಮುಂಗಡ ಕೊಟ್ಟು ಕರಾರಿಗೆ ಸಹಿ ಹಾಕುವ ದಿನ ನನ್ನನ್ನೂ ಕರೆದುಕೊಂಡು ಹೋದರು.

"ಬಂದು ನೋಡು. ಆದ್ರೆ ಅಲ್ಲಿ ಬಾಯಿ ಬುಡಬೇಡ" ಎಂದು ದಾರಿಯಲ್ಲೇ ಹೇಳಿದರು.

ಅದನ್ನು ಹೇಳುವ ಅಗತ್ಯವೇ ಇರಲಿಲ್ಲ. ಹಳ್ಳಿಯ ಶಾಲೆಯಲ್ಲಿ ನಾಲ್ಕು ಕ್ಲಾಸು ಓದಿದವಳು ನಾನು. ಪರಗಂಡಸರ ಎದುರು ನನ್ನ ಗಂಟಲಿನಿಂದ ದನಿಯೇ ಹೊರಡುತ್ತಿರಲಿಲ್ಲ.

ಹೊಸ್ತಿಲು ದಾಟುತ್ತಲೇ ಹಸಿ ಸುಣ್ಣದ ವಾಸನೆ ಬಂತು. ಮಾರುವ ಹಸುವಿನ ಕೊಂಬಿಗೆ ಎಣ್ಣೆ ಸವರಿದ್ದರೆ ಮೊದಲು ಅದರ ಹಲ್ಲು ನೋಡಬೇಕು ಅಂತ ನಮ್ಮಪ್ಪ ಹೇಳುತ್ತಿದ್ದರು. ನಾನು ಗೋಡೆಗಳನ್ನೇ ನೋಡುತ್ತಾ ಒಳಗೆ ನಡೆದೆ. ತಾತ ನೋಡಿದ್ದು ಬಾಗಿಲುಗಳನ್ನು. ಪ್ರತಿ ಬಾಗಿಲನ್ನೂ ತೆರೆದು ಮುಚ್ಚಿ, ಕೀಲಿಗೆ ಬೆರಳು ಮುಟ್ಟಿಸಿ, ಅಗುಳಿ ಎಳೆದು, "ಹಳೇ ಕಾಲದ ಮಾಲು, ಈಗ ಇಂಥಾದ್ದು ಸಿಗಾಕಿಲ್ಲ" ಎಂದು ಸಂತೋಷಪಟ್ಟರು. ಕಬ್ಬಿಣ ಚೆನ್ನಾಗಿದ್ದರೆ ಅವರಿಗೆ ಇಡೀ ಮನೆಯೇ ಚೆನ್ನಾಗಿದ್ದ ಹಾಗೆ.

ಮನೆ ಪೂರ್ತಿ ಖಾಲಿ. ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಮಾತ್ರ ಒಂದು ದೊಡ್ಡ ಮರದ ಬೀರು ಗೋಡೆಗೆ ಅಂಟಿಕೊಂಡು ನಿಂತಿತ್ತು.

"ಈ ಬೀರು ಮನೆ ಜೊತೇಗೇ ನಿಮ್ಗೆ ಕಣ್ರಪ್ಪಾ! ಪುಕ್ಕಟೆ!" ಎಂದ ದಳ್ಳಾಳಿ. "ತಾಯಿ, ನಿಮ್ಮ ಸೀರೆಗೆ ಒಂದು ಕಡೆ, ನಿಮ್ಮ ಸೊಸೆ ಸೀರೆಗೆ ಒಂದು ಕಡೆ."

ನನಗೆ ಆಗ ಸೊಸೆ ಬರುವ ಮಾತಿರಲಿ, ಪೆಟ್ಟಿಗೆಗೆ ಹಾಕಿಡುವಂಥ ಸೀರೆ ಇದ್ದದ್ದೇ ಮೂರು. ಬಾಗಿಲ ಕೀಲಿಗೂ ಬೆಲೆ ಕಟ್ಟುವ ಜನ ತೇಗದ ಬೀರುವನ್ನು ಸುಮ್ಮನೆ ಯಾಕೆ ಕೊಡುತ್ತಾರೆ?

ಗಂಡಸರು ಹಜಾರಕ್ಕೆ ಹೋಗಿ ಚಾಪೆಯ ಮೇಲೆ ಕೂತರು. ಮಾರುವವರ ಹೆಂಡತಿಯೂ ಆ ದಿನ ಗಂಡನ ಜೊತೆ ಬಂದಿದ್ದರು, ಕಾಫಿ ಮಾಡಲು ಪಕ್ಕದ ಅಡುಗೆಮನೆಯಲ್ಲಿ ಒಲೆ ಹಚ್ಚಿದರು. ನಾನು ಬೀರುವಿನ ಹಿಂದಿನ ಸಂದಿಯಲ್ಲಿ ಕೈ ತೂರಿಸಿದೆ. ಉಳಿದ ಗೋಡೆ ಒಣಗಿತ್ತು, ಅಲ್ಲಿ ಮಾತ್ರ ಗಾಳಿಯಾಡದೆ ಇನ್ನೂ ತಣ್ಣಗೆ, ಹಸಿಹಸಿ. ಬೆರಳು ಆಡಿಸುತ್ತಾ ಹೋದೆ. ಆಳೆತ್ತರದವರೆಗೆ ಹೊಸ ಗಾರೆ. ಮೆಲ್ಲಗೆ ತಟ್ಟಿದರೆ ಸದ್ದೂ ಬೇರೆ.

ನಾನು ಕೈ ಹಿಂದಕ್ಕೆ ಎಳೆದುಕೊಂಡೆ. ಯಾಕೆಂದರೆ ನಮ್ಮೂರಿನಲ್ಲಿ ಗೋಡೆಯಲ್ಲಿ ಅಂಥ ಗುರುತು ಇದ್ದರೆ ಅದಕ್ಕೆ ಒಂದೇ ಅರ್ಥ. ಕೆಟ್ಟ ನಕ್ಷತ್ರದಲ್ಲಿ ಯಾರಾದರೂ ಸತ್ತರೆ ಹೆಣವನ್ನು ಮುಂಬಾಗಿಲಿನಿಂದ ತೆಗೆಯುತ್ತಿರಲಿಲ್ಲ. ಗೋಡೆ ಒಡೆದು ತೆಗೆದು, ಆಮೇಲೆ ಆ ಕಂಡಿ ಮುಚ್ಚಿ, ಮೂರು ತಿಂಗಳೋ ಆರು ತಿಂಗಳೋ ಮನೆಗೆ ಬೀಗ ಹಾಕುತ್ತಿದ್ದರು. ಆ ಮನೆಗೆ ಎಷ್ಟು ದಿನದಿಂದ ಬೀಗ ಹಾಕಿತ್ತು? ದಳ್ಳಾಳಿಯೇ ಹೇಳಿದ್ದ, ಮೂರು ತಿಂಗಳು!

ನಾನು ಬಾಗಿಲ ಮರೆಯಲ್ಲಿ ನಿಂತು ಬಳೆ ಆಡಿಸಿದೆ. ತಾತ ಎದ್ದು ಬಂದರು.

"ಇಲ್ನೋಡಿ, ಗೋಡೆ ಒಡ್ದವ್ರೆ" ಎಂದು ಪಿಸುಗುಟ್ಟಿದೆ. "ಯಾರೋ ಕೆಟ್ಟ ಗಳಿಗೇಲಿ ಹೋಗವ್ರೆ ಇಲ್ಲಿ. ಸಹಿ ಮಾಡ್ಬೇಡಿ."

"ಇದು ನಿಮ್ಮೂರಲ್ಲ ಕಣಮ್ಮೀ, ಪ್ಯಾಟೆ" ಎಂದು ಹಲ್ಲು ಕಚ್ಚಿ ಹೇಳಿದರು. "ಮುಂದಿನ ತಿಂಗ್ಳು ಬೀದೀಲಿ ಒಲೆ ಹೂಡ್ತೀಯಾ? ಸುಮ್ಕಿರು." ಮತ್ತೆ ಹೋಗಿ ಕೂತರು. ದಳ್ಳಾಳಿ ಏನೋ ಕೇಳಿರಬೇಕು, "ಏನಿಲ್ಲ, ಹೆಂಗಸರದ್ದು" ಅಂದದ್ದು ಕೇಳಿಸಿತು. ಅವನು ನಕ್ಕ. ತಾತ ಪೆನ್ನಿನ ಮುಚ್ಚಳ ತೆಗೆದದ್ದು ಬಾಗಿಲ ಸಂದಿಯಿಂದ ಕಾಣಿಸಿತು.

ಅಷ್ಟರಲ್ಲಿ ಆಕೆ ಕಾಫಿ ತಂದರು. ನನಗೆ ಎಲ್ಲಿಂದ ಧೈರ್ಯ ಬಂತೋ ತಿಳಿಯದು.

"ಅಮ್ಮಾವ್ರೇ, ಈ ಮನೇಲಿ ತೀರ್ಕೊಂಡವ್ರು ಯಾರು?" ಎಂದು ಕೇಳಿದೆ.

ಆಕೆ ಬೆಚ್ಚಿದರು. "ಯಾರು ತೀರ್ಕೊಂಡ್ರು? ಏನ್ ಹೇಳ್ತಿದೀರಿ ನೀವು?"

"ಬೀರು ಹಿಂದೆ ಗೋಡೆ ಒಡ್ದಿದೀರಲ್ಲ. ಆ ಕಡೆಯಿಂದ್ಲೇ ತಾನೇ ಹೆಣ ತೆಗ್ದಿದ್ದು?"

ಕಾಫಿ ಲೋಟ ಕೆಳಗಿಟ್ಟು, ಆಕೆ ಹಜಾರದ ಕಡೆ ತಿರುಗಿ ನಿಂತರು. ಬೆಳಗಿನಿಂದ ಕೇಳಿಸಿಯೂ ಕೇಳಿಸದಂತೆ ಮಾತಾಡುತ್ತಿದ್ದವರು ಈಗ ಇಡೀ ಬೀದಿಗೆ ಕೇಳುವ ಹಾಗೆ ಅಂದರು:

"ಹೆಣ ತೆಗ್ಯೋದೇ? ಗೋಡೆ ಒಡೆದು? ನಮ್ಮ ಮನೆತನಕ್ಕೆ ಎಂಥ ಮಾತು ಅಂದ್ಬಿಟ್ರಿ ನೀವು! ಅದು ಬಾಗಿಲು ಕಣ್ರೀ, ಬಾಗಿಲು! ನಮ್ಮ ಭಾವನವರ ಕಡೆಗೆ ಹೋಗೋ ಬಾಗಿಲು. ಇದೆಲ್ಲ ಒಂದೇ ಮನೆ. ಮಾರೋದಕ್ಕೆ ನಾನು ಸಹಿ ಹಾಕೋಲ್ಲ ಅಂತ ಅವರು ಹಟ ಹಿಡಿದ್ಮೇಲೆ ಇವರು ಅದನ್ನ ಮುಚ್ಚಿಸಿದ್ರು. ಮೂರು ತಿಂಗಳಾಯ್ತು, ಅಣ್ಣ ತಮ್ಮ ಮುಖ ನೋಡಿ!"

ತಾತ ಪೆನ್ನಿನ ಮುಚ್ಚಳ ಹಾಕಿದರು.

"ಪಾಲು ಆಗಿಲ್ವಾ?" ಎಂದು ತಾತ ನಿಧಾನವಾಗಿ ಕೇಳಿದರು.

"ಅದೇನ್ ಬುಡಿ ಸ್ವಾಮಿ, ಅಣ್ಣ ತಮ್ಮಂದಿರ ಮಾತು, ಇವತ್ತು ಜಗಳ, ನಾಳೆ ಹೋಳಿಗೆ" ಎಂದ ದಳ್ಳಾಳಿ.

"ಹಂಗಾದ್ರೆ ಅಣ್ಣನವ್ರನ್ನ ಕರೀರಿ. ಅವ್ರೂ ಒಂದು ಸಹಿ ಹಾಕ್ಲಿ."

ಮಾರುವವರು ಪೇಟ ಸರಿಮಾಡಿಕೊಂಡರು. "ಅಣ್ಣ ಊರಲ್ಲಿಲ್ಲ" ಎಂದರು.

ಅವರ ಮಾತು ಮುಗಿಯುವ ಹೊತ್ತಿಗೆ ಬೀರುವಿನ ಹಿಂದೆ, ಗೋಡೆಯ ಆಚೆ ಕಡೆ, ಯಾರೋ ಗಟ್ಟಿಯಾಗಿ ಕೆಮ್ಮಿದರು. ಮುದಿ ಗಂಡಸಿನ ಕೆಮ್ಮು. ಕೆಮ್ಮು ಬಂದು ಕೆಮ್ಮಿದ್ದಲ್ಲ, 'ನಾನಿದ್ದೇನೆ' ಎಂದು ತಿಳಿಸಲು ಕೆಮ್ಮಿದ್ದು.

ತಾತ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಎದ್ದರು.

ದಾರಿಯುದ್ದಕ್ಕೂ 'ನಿನ್ನಿಂದ ಉಳಿದೆವು' ಎಂದು ಅವರು ಅಂದಾರು ಅಂತ ಕಾದೆ, ಅನ್ನಲಿಲ್ಲ. ಮನೆ ಬಾಗಿಲಿಗೆ ಬಂದ ಮೇಲೆ, "ಹೆಣ ಅಂತೆ, ಹೆಣ!" ಎಂದು ಒಮ್ಮೆ ನಕ್ಕರು, ಅಷ್ಟೇ. ಮುಂದಿನ ತಿಂಗಳು ನಾವು ಅಂಗಡಿಯ ಹಿಂದಿನ ಗೋದಾಮಿನಲ್ಲೇ ಒಲೆ ಹೂಡಿದೆವು. ಮೊಳೆಯ ಮೂಟೆಗಳ ನಡುವೆ ಎರಡು ವರ್ಷ ಸಂಸಾರ ಮಾಡಿದ್ದಾಯಿತು. ನಿಮ್ಮಪ್ಪ ಅಂಬೆಗಾಲಿಟ್ಟದ್ದು ಅಲ್ಲೇ. ಕಡೆಗೆ ಈಗ ನೀವಿರುವ ಮನೆ ಸಿಕ್ಕಿತು. ಇದನ್ನು ನೋಡಲು ಬಂದ ದಿನ ತಾತ ಬೀದಿಯಲ್ಲೇ ನಿಂತು, "ಮೊದ್ಲು ನೀನು ಒಳೀಕೆ ಹೋಗಿ ತಟ್ಟಿ ನೋಡ್ಕೊಂಡ್ ಬಾ" ಎಂದರು. ನಾನು ಒಂದು ಗೋಡೆಯನ್ನೂ ಬಿಡಲಿಲ್ಲ.

ನಾನು ಊಹಿಸಿದ್ದು ಪೂರ್ತಿ ತಪ್ಪಾಗಿತ್ತು, ಆದರೂ ಗದ್ದೆಯ ಹಣ ಉಳಿಯಿತು. ಅದು ನನ್ನ ಜಾಣತನವೆಂದು ನಾನು ಎಂದೂ ಹೇಳಿಕೊಂಡಿಲ್ಲ. ನನಗೆ ಇರುವ ಅನುಮಾನವೇ ಬೇರೆ. ಮನೆತನಕ್ಕೆ ಕಳಂಕ ಬಂತೆಂದು ಸಿಟ್ಟಾದವರು ನನ್ನ ಮುಖ ನೋಡಿ ಬೈಯಬೇಕಿತ್ತಲ್ಲವೇ? ಆಕೆ ಹಜಾರದ ಕಡೆ ಯಾಕೆ ತಿರುಗಿದರು? ಅಷ್ಟು ವರ್ಷ ಬಾಳಿದ ಮನೆಯನ್ನು ಮಾರುವುದು ಆಕೆಗೆ ಇಷ್ಟವಿತ್ತೇ ಎಂದು ಅಲ್ಲಿ ಯಾರೂ ಕೇಳಿರಲಿಲ್ಲ. ಹೊರಡುವಾಗ ನನಗೆ ಕುಂಕುಮ ಕೊಟ್ಟರು. ಕೈಯಲ್ಲಿ ಸಿಟ್ಟಿರಲಿಲ್ಲ. ನನ್ನ ಹಣೆಗೆ ತಾವೇ ಇಟ್ಟು, ಕಿವಿಯ ಹತ್ತಿರ ಬಗ್ಗಿ, "ಹೋಗಿ ಬನ್ನಿ ಕಣಮ್ಮ, ಒಳ್ಳೇದಾಯ್ತು" ಎಂದರು.

ಒಳ್ಳೆಯದಾದದ್ದು ಯಾರಿಗೆ ಅಂತ ಆಕೆ ಹೇಳಲಿಲ್ಲ. ಕೇಳುವಷ್ಟು ಧೈರ್ಯ ನನಗೆ ಆ ದಿನ ಉಳಿದಿರಲಿಲ್ಲ.