ಆಚೆ ಬೀದಿಯ ಪೇಷಂಟ್

ಹುಸೇನಸಾಬರೇ, ನಿಮ್ಮ ಎಡಗಾಲು ಹೋಗಿದ್ದಕ್ಕೆ ನಾನೂ ಕಾರಣ. ನೀವು ಅದನ್ನು ದೇವರ ಮರ್ಜಿ ಅಂದುಕೊಂಡಿದ್ದೀರಿ. ಅಲ್ಲ — ಅದು ಅಫಜಲಪುರದ ಮೂವರು ಡಾಕ್ಟರುಗಳ ಮರ್ಜಿ. ಅವರಲ್ಲಿ ನಾನೊಬ್ಬ.

ಆಗ ಊರಲ್ಲಿ ಖಾಸಗಿ ಆಸ್ಪತ್ರೆ ಇಟ್ಟವರು ನಾವು ಮೂವರೇ. ಒಬ್ಬರ ಪೇಷಂಟನ್ನು ಇನ್ನೊಬ್ಬರು ಮುಟ್ಟಬಾರದೆಂದು ಚಹಾ ಕುಡಿಯುತ್ತಾ ಮಾತಾಡಿಕೊಂಡಿದ್ದೆವು. ಅದಕ್ಕೆ ವೃತ್ತಿಮರ್ಯಾದೆ ಅಂತ ಹೆಸರು ಬೇರೆ! ರೋಗಿ ಎಲ್ಲಿಗೂ ಹೋಗಲಾರ ಎಂದು ಖಾತ್ರಿಯಾದ ಮೇಲೆ ನಾವು ಹೊಸದನ್ನು ಕಲಿಯಲಿಲ್ಲ. ಸರಿಯಾಗಿ ನೋಡುವುದನ್ನೂ ಬಿಟ್ಟೆವು.

ನೀವು ಮಣ್ಣೂರಿನಿಂದ ಬಂದಿದ್ದಿರಿ. ಸಕ್ಕರೆ ಕಾಯಿಲೆಯ ಹುಣ್ಣು. ನಮ್ಮ ಮೂವರಲ್ಲೊಬ್ಬರಾದ ಆಚೆ ಬೀದಿಯ ಡಾಕ್ಟರು ತಿಂಗಳುಗಟ್ಟಲೆ ಒಂದೇ ಮುಲಾಮು ಹಚ್ಚಿಸಿದ್ದರು. ನಿಮ್ಮ ಹೆಂಡತಿ ಪಟ್ಟಿ ಬಿಚ್ಚತೊಡಗಿದರು. ವಾಸನೆಗೇ ನನಗೆ ಗೊತ್ತಾಗಿತ್ತು — ಒಳಗೆ ಕೊಳೆಯುತ್ತಿದೆ ಎಂದು. ಅವತ್ತೇ ಕೊಯ್ದು ಸ್ವಚ್ಛ ಮಾಡಿದ್ದರೆ — ಕಲಬುರಗಿಗಾದರೂ ಕಳಿಸಿದ್ದರೆ —

"ಬಿಚ್ಚಬ್ಯಾಡ್ರಿ. ನೀವು ಅವರ ಪೇಷಂಟ್ ಅದೀರಿ, ಅವರ ಕಡೆನೇ ಹೋಗ್ರಿ," ಅಂದೆ.

"ಒಂದ್ಸಲ ನೋಡ್ರಿ ಸಾಹೇಬ್ರ, ಸಾಕು," ಅಂದರು ಆ ತಾಯಿ. ನಾನು ಮುಂದಿನವರನ್ನು ಕರೆದೆ. ಆಮೇಲೆ ಕಲಬುರಗಿಯಲ್ಲಿ ನಿಮ್ಮ ಕಾಲನ್ನು ಮೊಣಕಾಲ ಕೆಳಗೆ ಕತ್ತರಿಸಿದರೆಂದು ಕೇಳಿದೆ. ಅವತ್ತೂ ಹೊಟ್ಟೆತುಂಬ ಉಂಡೆ.

ವರ್ಷಗಳ ಮೇಲೆ, ಮೊನ್ನೆ, ವಕೀಲಳಾದ ತಂಗಿಯ ಮಗಳ ಮುಂದೆ ನಮ್ಮ ಈ ಏರ್ಪಾಟನ್ನು ಜಂಬದಿಂದ ಹೇಳಿಕೊಂಡೆ. "ಮಾಮಾ, ವ್ಯಾಪಾರಸ್ಥರು ಹಿಂಗ ಗಿರಾಕಿ ಹಂಚಿಕೊಂಡ್ರ ಸ್ಪರ್ಧಾ ಕಾಯ್ದೆಗೆ ವಿರುದ್ಧ. ನೀವು ರೋಗಿಗಳ್ನ ಹಂಚಿಕೊಂಡೀರಲ್ಲ!" ಅಂದಳು. ಡಾಕ್ಟರನ್ನು ವ್ಯಾಪಾರಿಗೆ ಹೋಲಿಸಿದಳಲ್ಲ ಎಂದು ಸಿಟ್ಟು ಬಂತು. ಆದರೆ ವ್ಯಾಪಾರಿಯಾದರೂ ಬಾಗಿಲಿಗೆ ಬಂದವರನ್ನು ಒಳಗೆ ಕರೆಯುತ್ತಾನೆ. ನಾನು ಅಷ್ಟೂ ಮಾಡಲಿಲ್ಲ.

ನಿನ್ನೆ ನೀವು ಮತ್ತೆ ಬಂದಿರಿ, ಕೋಲೂರಿಕೊಂಡು. ಉಳಿದ ಕಾಲಿನಲ್ಲಿ ಗುಳ್ಳೆ. ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ಕೇಳಿದಿರಿ: "ಸಾಹೇಬ್ರ, ಮೊದಲ ಆಚೆ ಬೀದಿ ಡಾಕ್ಟರ್ನ ಕೇಳಿ ಬರ್ಬೇಕೇನ್ರಿ?"

ನಾನೇ ಎದ್ದು ಬಂದು ನಿಮ್ಮನ್ನು ಒಳಗೆ ಕರೆದುಕೊಂಡೆ. ಗುಳ್ಳೆಗೆ ಮದ್ದು ಹಚ್ಚಿ ಪಟ್ಟಿ ಕಟ್ಟಿದೆ. ನಿಜ ಹೇಳಲು ಮಾತ್ರ ಬಾಯಿ ಬರಲಿಲ್ಲ. ನೀವು ಕೈಮುಗಿದು ಹೋದಿರಿ.

ಒಪ್ಪಂದ ಮುರಿಯಿತೆಂದು ಆ ಇಬ್ಬರು ಡಾಕ್ಟರುಗಳಿಗೂ ಹೇಳಿ ಬಂದಿದ್ದೇನೆ. ನಾಳೆ ಪಟ್ಟಿ ಬದಲಿಸಲು ನೀವೂ ನಿಮ್ಮ ಹೆಂಡತಿಯೂ ಬರುತ್ತೀರಿ. ಪಟ್ಟಿ ಮುಟ್ಟುವ ಮೊದಲು ಇದನ್ನೆಲ್ಲ ನಿಮಗೆ ಹೇಳುತ್ತೇನೆ. ಆಮೇಲೆ ಈ ಕಾಲನ್ನು ನನ್ನ ಕೈಗೆ ಕೊಡುವುದೋ ಬಿಡುವುದೋ — ಅದು ನಿಮಗೆ ಬಿಟ್ಟದ್ದು.