ಭಾವನ ಏಜೆಂಟಿಗೆ ನಾನು ಬರೆದ ಕೈಪಿಡಿ

ಮೂಡಬಿದಿರೆಯಲ್ಲಿ ನನ್ನ ಭಾವನದ್ದೊಂದು ಸಣ್ಣ ಆಫೀಸು ಇತ್ತು. ಶಾಲೆ, ಮದುವೆ ಹಾಲ್, ಹೋಟೆಲುಗಳಿಗೆ ವೆಬ್‌ಸೈಟ್ ಮಾಡಿಕೊಡುವುದು ಅಲ್ಲಿಯ ಕೆಲಸ. ಗುರುವಾಯನಕೆರೆಯಲ್ಲಿ ಅಕ್ಕ, ಭಾವನ ಮನೆಯಲ್ಲೇ ನಾನಿದ್ದೆ. ಬೆಳಿಗ್ಗೆ ಭಾವನ ಕಾರಿನಲ್ಲಿ ಹೋಗಿ ಸಂಜೆ ಅದರಲ್ಲೇ ಬರುತ್ತಿದ್ದೆ. ಆಫೀಸಿನಲ್ಲಿ ನಾನು ನೋಡಿಕೊಳ್ಳುತ್ತಿದ್ದುದು ಮೆನು. ವೆಬ್‌ಸೈಟಿನ ಮೇಲ್ಭಾಗದಲ್ಲಿ ‘ಮುಖಪುಟ’, ‘ಪ್ರವೇಶಾತಿ’, ‘ಸಂಪರ್ಕ’ ಎಂದು ಸಾಲಾಗಿ ಇರುತ್ತದಲ್ಲ, ಅದು. ಗಿರಾಕಿಗಳು ಫೋನ್ ಮಾಡಿ ಹೇಳುವರು, ನಾನು ಸೇರಿಸುವೆ, ತೆಗೆಯುವೆ, ಹಿಂದೆಮುಂದೆ ಮಾಡುವೆ.

ಒಂದು ದಿನ ಭಾವ ಕರೆದು, “ಇನ್ನು ಮೆನು ಕೆಲಸ ಎಲ್ಲ ಎಐ ಏಜೆಂಟೇ ಮಾಡ್ತದೆ. ಟೈಪ್ ಮಾಡಿ ಹೇಳಿದ್ರೆ ಸಾಕು, ತಾನೇ ಮಾಡುವ ಪ್ರೋಗ್ರಾಮು. ಅದಕ್ಕೆ ಟೂಲ್ ರೆಡಿ ಉಂಟು. ಹೇಗೆ ಮಾಡ್ಬೇಕು ಅಂತ ಅದು ಓದ್ಲಿಕ್ಕೆ ನೀನೊಂದು ಬರೆದು ಕೊಡು” ಎಂದರು.

“ಮತ್ತೆ ನಾನು?”

“ನಿನಗೆ ಬೇರೆ ಕೆಲಸ ಉಂಟು ಮಾರಾಯ್ತಿ. ಮೊದಲು ಇದನ್ನು ಬರಿ.”

ನನಗೆ ಖುಷಿಯೇ ಆಯಿತು. ಕೂತು ಬರೆದೆ. ಬದಲಾಯಿಸುವ ಮೊದಲು ಈಗಿರುವ ಮೆನುವನ್ನು ಪೂರ್ತಿ ಓದು. ಒಂದೇ ಹೆಸರು ಎರಡು ಕಡೆ ಇರಬಹುದು, ಹೆಸರು ನೋಡಿ ಮೋಸಹೋಗಬೇಡ, ಅದರ ಗುರುತಿನ ಸಂಖ್ಯೆ ನೋಡು. ಮೇಲಿನದನ್ನು ತೆಗೆದರೆ ಅದರ ಅಡಿಯಲ್ಲಿರುವುದೆಲ್ಲ ಹೋಗುತ್ತದೆ. ಬದಲಾಯಿಸಿದ ಮೇಲೆ ಇನ್ನೊಮ್ಮೆ ಓದಿ, ಆದದ್ದನ್ನು ಹೇಳು.

ಭಾವ ಅದನ್ನು ಆಫೀಸಿನವರೆಲ್ಲ ಕೇಳುವ ಹಾಗೆ ಜೋರಾಗಿ ಓದುತ್ತಿದ್ದರು. “ಮೋಸಹೋಗಬೇಡ ಅಂತೆ! ಅದೇನು ಮದುವೆಯಾಗಿ ಹೋಗುವ ಹುಡುಗಿಯಾ?” ಎಲ್ಲರೂ ನಗುವರು. “ಇಂಗ್ಲಿಷಿನಲ್ಲಿ ಫೇಲಾದವಳ ಹತ್ತಿರ ಬರೆಸಿದರೆ ಹೀಗೇ” ಎಂದು ಹೊಸ ಗಿರಾಕಿಗಳ ಎದುರೂ ಹೇಳುವರು. ನಾನು ಫೇಲಾಗಿದ್ದು ಅಪ್ಪ ತೀರಿಹೋದ ವರ್ಷ. ಅದು ಅವರಿಗೆ ಗೊತ್ತಿತ್ತು.

ಕೊನೆಯಲ್ಲಿ ನಾನು, ‘ಏನನ್ನಾದರೂ ಅಳಿಸುವ ಮೊದಲು ಮನುಷ್ಯರನ್ನು ಕೇಳು’ ಎಂದು ಸೇರಿಸಿದ್ದೆ. ಭಾವ ಆ ಸಾಲನ್ನು ತೆಗೆಸಿದರು. “ಪ್ರತಿ ಸಲ ಕೇಳುವುದಾದರೆ ಅದು ಯಾಕೆ? ನೀನೇ ಸಾಕಲ್ಲ.”

ಬೆಳ್ತಂಗಡಿಯಿಂದ ಒಂದು ಶಾಲೆಯವರು ಏಜೆಂಟಿನ ಕೆಲಸ ನೋಡಲು ಬಂದ ದಿನ ಭಾವ ಎಲ್ಲರನ್ನೂ ದೊಡ್ಡ ಪರದೆಯ ಎದುರು ನಿಲ್ಲಿಸಿದರು. ನಮ್ಮದೇ ವೆಬ್‌ಸೈಟ್ ತೆರೆದರು. ಅದರ ಮೆನುವಿನಲ್ಲಿ ‘ನಮ್ಮವರು’ ಎಂಬುದರ ಅಡಿಯಲ್ಲಿ ನಮ್ಮೆಲ್ಲರ ಹೆಸರುಗಳಿದ್ದವು. ಭಾವ ನನ್ನ ಹೆಸರನ್ನು ಟೈಪ್ ಮಾಡಿ, ‘ಇವರು ಇನ್ನು ಇಲ್ಲಿ ಇಲ್ಲ, ತೆಗೆ’ ಎಂದು ಬರೆದರು.

ಏಜೆಂಟು ನಾನು ಕಲಿಸಿದಂತೆಯೇ ಮಾಡಿತು. ಮೆನು ಓದಿತು, ಸಂಖ್ಯೆ ನೋಡಿತು, ತೆಗೆಯಿತು, ಮತ್ತೆ ಓದಿತು. ‘ತೆಗೆಯಲಾಗಿದೆ. ಉಳಿದವರ ಕ್ರಮ ಬದಲಾಗಿಲ್ಲ’ ಎಂದಿತು.

ಎಲ್ಲರೂ ಚಪ್ಪಾಳೆ ತಟ್ಟಿದರು. ತಮಾಷೆ ಎಂದುಕೊಂಡು ನಾನೂ ತಟ್ಟಿದೆ. ಶಾಲೆಯವರು ಹೋದ ಮೇಲೆ, “ಭಾವ, ಹೆಸರು ವಾಪಸ್ ಹಾಕುವ” ಎಂದೆ.

“ಯಾಕೆ? ಸರಿಯಾಗಿಯೇ ತೆಗೆದಿದೆಯಲ್ಲ” ಎಂದು ಅವರು ಕಾರಿನ ಕೀ ಎತ್ತಿಕೊಂಡರು.

ಸಂಜೆ ಅದೇ ಕಾರಿನಲ್ಲಿ ಕೂತು ಬಂದೆ. ವೇಣೂರಿನಲ್ಲಿ ನಿಲ್ಲಿಸಿ ನನಗೊಂದು ಐಸ್‌ಕ್ರೀಮ್ ತಂದುಕೊಟ್ಟರು. ತಿನ್ನದೆ ಕೈಯಲ್ಲಿ ಹಿಡಿದುಕೊಂಡಿದ್ದೆ. ಅದು ಕರಗಿ ಸೀಟಿನ ಮೇಲೆ ಬಿದ್ದದ್ದಕ್ಕೆ ಗುರುವಾಯನಕೆರೆವರೆಗೂ ಬೈದರು.

ಮನೆಯಲ್ಲಿ ಅಕ್ಕ, ಅಡುಗೆ ಮಾಡಲು ಬರುತ್ತಿದ್ದ ಹೆಂಗಸಿನ ಏಪ್ರನ್ ಒಗೆದು ನನ್ನ ಹಾಸಿಗೆಯ ಮೇಲಿಟ್ಟಿದ್ದಳು. “ಅವಳನ್ನು ನಿನ್ನೆಯೇ ಬಿಡಿಸಿದೆ. ನೀನು ಮನೆಯಲ್ಲೇ ಇರ್ತಿಯಲ್ಲ ಇನ್ನು” ಎಂದಳು.

“ನಿನಗೆ ಮೊದಲೇ ಗೊತ್ತಿತ್ತಾ?”

“ಹೇಳಿದ್ರೆ ನೀನು ಬರೆದು ಮುಗಿಸ್ತಿದ್ದಿಯಾ?”

ತಪ್ಪು ಮಾಡಿದವಳ ಮುಖವಲ್ಲ ಅದು. ಬೆಳಗಿನ ತಿಂಡಿಗೆ ಏನು ಮಾಡುತ್ತೀ ಎಂದು ಕೇಳುವವಳ ಮುಖ. ನನಗೆ ಅಳುವೇ ಬರಲಿಲ್ಲ.

ಬೆಳಿಗ್ಗೆ ಬಟ್ಟೆ ತುಂಬಿಸಿಕೊಂಡು ಬಂಟ್ವಾಳಕ್ಕೆ ಬಸ್ಸು ಹತ್ತಿದೆ. ಅಲ್ಲೊಂದು ಜೆರಾಕ್ಸ್ ಅಂಗಡಿಯಲ್ಲಿ ಡಿಟಿಪಿ ಕೆಲಸ ಸಿಕ್ಕಿತು, ಮೇಲಿನ ಕೋಣೆಯೇ ಬಾಡಿಗೆಗೂ ಸಿಕ್ಕಿತು. ಬೇಸಗೆಯಲ್ಲಿ ಆ ಕೋಣೆ ದೋಸೆ ಕಾವಲಿಯ ಹಾಗೆ ಕಾಯುತ್ತದೆ. ಭಾವನ ವ್ಯಾಪಾರ ಬೆಳೆಯಿತು. ಬೆಳ್ತಂಗಡಿಯ ಆ ಶಾಲೆಯವರೇ ಇನ್ನಷ್ಟು ಶಾಲೆಗಳನ್ನು ಅವರ ಹತ್ತಿರ ಕಳಿಸಿದರೆಂದು ಕೇಳಿದೆ. ನನ್ನ ಕೈಪಿಡಿಯನ್ನು ಅವರು ಈಗಲೂ ಬಳಸುತ್ತಾರೆ.

ಮೊನ್ನೆ ಅಕ್ಕ ಫೋನ್ ಮಾಡಿದಳು. ಸೊಂಟ ಹಿಡಿದು ಏಳಲಿಕ್ಕೇ ಆಗುವುದಿಲ್ಲವಂತೆ. “ಒಂದು ವಾರ ಬಂದು ಹೋಗು. ಬಚ್ಚಲಿಗೆ ಹೋಗ್ಲಿಕ್ಕೂ ಗೋಡೆ ಹಿಡಿದು ಹೋಗ್ತೇನೆ. ನಿನ್ನ ಭಾವ ತಿರುಗಿಯೂ ನೋಡುವುದಿಲ್ಲ” ಎಂದಳು. ಸುಳ್ಳಲ್ಲವೆಂದು ಗೊತ್ತಾಯಿತು.

“ಬರುವುದಿಲ್ಲ” ಎಂದೆ.

ಅವಳು ಫೋನ್ ಇಡಲಿಲ್ಲ. ಅಳುವುದು ಕೇಳಿಸುತ್ತಿತ್ತು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಗಂಜಿಗೆ ಉಪ್ಪಿನಕಾಯಿ ಹಾಕಿಕೊಂಡು ಉಂಡೆ.