ಪೀಪಿ ಟೀಚರ ಮುಂದಿನ ಹಲ್ಲು

ಬೀದಿಗೆಲ್ಲ ಅವಳು ಪೀಪಿ ಟೀಚರ್. ಹಗಲು ಶಾಲೆಯಲ್ಲಿ ಸಂಗೀತದ ಪಾಠ, ಸಂಜೆ ಊರಿನ ಬ್ಯಾಂಡಿನಲ್ಲಿ ಕ್ಲಾರಿನೆಟ್.

"ನಾದ ಅಂದ್ರೆ ನಡುಕ ಕಣ್ರೋ," ಎಂದು ಮಕ್ಕಳಿಗೆ ಹೇಳುತ್ತಿದ್ದಳು. "ಪಿಟೀಲಲ್ಲಿ ತಂತಿ ನಡುಗುತ್ತೆ, ಡೋಲಲ್ಲಿ ಚರ್ಮ, ಕೊಳಲಲ್ಲಿ ಗಾಳಿ. ನನ್ನ ಪೀಪೀಲಿ ಈ ಜೊಂಡಿನ ಪಟ್ಟಿ. ಬೇಗ ನಡುಗಿದ್ರೆ ಸ್ವರ ಮೇಲೆ, ನಿಧಾನ ನಡುಗಿದ್ರೆ ಕೆಳಗೆ."

ಬ್ಯಾಂಡಿನಲ್ಲಿ ಅವಳಿಗೆ ಯಾವಾಗಲೂ ಹಿಂದಿನ ಸಾಲು. ವರ್ಷಗಟ್ಟಲೆ ಕಾದ ಮೇಲೆ, ಮುಂದಿನ ಕಛೇರಿಯ ಸೋಲೋ, ಅಂದರೆ ಒಂಟಿ ನುಡಿಕೆ, ಅವಳದೇ ಎಂದು ಬ್ಯಾಂಡ್ ಮೇಷ್ಟ್ರು ಹೇಳಿದರು. ಅದೇ ವಾರ ಸೇಬು ಕಚ್ಚುವಾಗ ಮೇಲಿನ ಮುಂದಿನ ಹಲ್ಲು ಅಲುಗಾಡಿತು.

ಕ್ಲಾರಿನೆಟ್ಟಿನ ಬಾಯಿಯ ಮೇಲೆ ಒತ್ತಿ ಕೂರುವುದೇ ಆ ಹಲ್ಲು. ಊದಿದರೆ ನಡುಕ ನೇರ ಹಲ್ಲಿನ ಬೇರಿಗೇ ತಟ್ಟುತ್ತಿತ್ತು. ಯಾರಿಗೂ ಹೇಳಲಿಲ್ಲ. ರೊಟ್ಟಿಯನ್ನು ಚೂರು ಮಾಡಿ ದವಡೆಯಲ್ಲಿ ಅಗಿದಳು. ಪಾಠದ ನಡುವೆಯೂ ನಾಲಿಗೆ ತಾನಾಗಿ ಅಲ್ಲಿಗೇ ಹೋಗುತ್ತಿತ್ತು. ನಿನ್ನೆಗಿಂತ ಇವತ್ತು ಹೆಚ್ಚು ಸಡಿಲವೇ? ಕನ್ನಡಿಗೆ ಕೇಳಿದರೆ ಕನ್ನಡಿ ಏನು ಹೇಳೀತು!

ಗ್ಯಾರೇಜಿನಿಂದ ಬಂದ ಗಂಡ ಒಂದು ದಿನ ಹಿಡಿದೇಬಿಟ್ಟ. "ಏನೇ ಅದು, ಬಾಯಿ ಮುಚ್ಕೊಂಡು ನಗ್ತೀಯಾ?"

ಹೇಳಬೇಕಾಯಿತು.

"ಕಡಲೆ ಸಿಕ್ತು ಅನ್ನೋವಾಗ ಹಲ್ಲು ಹೋಯ್ತಲ್ಲೇ!" ಎಂದವನು, ಅವಳ ಮುಖ ನೋಡಿ ನಗು ನುಂಗಿಕೊಂಡ. "ನಡಿ, ಡಾಕ್ಟ್ರ ಹತ್ರ ಹೋಗೋಣ."

"ಕಿತ್ತು ಹಾಕಿದ್ರೆ?"

ಕಛೇರಿ ಮುಗಿಯಲಿ ಎಂದು ಅವಳು ಹಟ ಹಿಡಿದಳು.

ತಾಲೀಮಿನಲ್ಲಿ ನುಡಿಕೆ ಮೇಲಿನ ಸ್ವರಕ್ಕೆ ಏರುತ್ತಿದ್ದಂತೆ ಹಲ್ಲು ಜಾರಿತು. ಕ್ಲಾರಿನೆಟ್ ಬಾಗಿಲ ಕೀಲಿನ ಹಾಗೆ ಕಿರ್ರೆಂದಿತು. ಡೋಲಿನವನು ಕೈ ನಿಲ್ಲಿಸಿದ. ಎಲ್ಲರೂ ತಿರುಗಿ ನೋಡಿದರು.

"ಏನಾಯ್ತಮ್ಮಾ?" ಎಂದರು ಮೇಷ್ಟ್ರು.

ಅವಳು ತುಟಿಗೆ ಕರವಸ್ತ್ರ ಒತ್ತಿಕೊಂಡಳು. ಅದರಲ್ಲಿ ರಕ್ತ. "ಹಲ್ಲು ಸಾರ್. ಹೇಳಿದ್ರೆ ನುಡಿಕೆ ಕೈ ತಪ್ಪುತ್ತೆ ಅಂತ ಹೆದರಿದೆ."

"ತಪ್ಪೇ ತಪ್ಪುತ್ತಮ್ಮ. ಸುಳ್ಳು ಹೇಳಿ ಏನು ಮಾಡ್ಲಿ?" ಮೇಷ್ಟ್ರ ದನಿ ತಗ್ಗಿತು. "ಮೊದಲು ಬಾಯಿ ನೋಡ್ಕೊಳ್ಳಿ."

ನುಡಿಕೆ ಕೊಳಲಿನವಳ ಪಾಲಾಯಿತು. ಹಲ್ಲು ಡಾಕ್ಟರ ತಟ್ಟೆಗೆ ಬಿತ್ತು.

"ಕಟ್ಟಿಸಿದ ಹಲ್ಲಲ್ಲಿ ಊದಬಹುದಾ ಡಾಕ್ಟ್ರೇ?"

"ತಿನ್ನೋದಕ್ಕೆ ತೊಂದ್ರೆಯಿಲ್ಲ. ಊದೋದು ನಂಗೊತ್ತಿಲ್ಲಮ್ಮ."

ಆ ಮಾತು ಅವಳನ್ನು ತಿಂಗಳುಗಟ್ಟಲೆ ಕೊರೆಯಿತು. ಹೊಸ ಹಲ್ಲು ಕೂತ ಮೇಲೂ ಕ್ಲಾರಿನೆಟ್ ಪೆಟ್ಟಿಗೆ ತೆರೆಯಲು ಧೈರ್ಯ ಸಾಲಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ, ಗಂಡನನ್ನು ಹೊರಗೆ ಕಳಿಸಿ, ಅಡುಗೆಮನೆಯ ಬಾಗಿಲು ಹಾಕಿಕೊಂಡು ಊದಿದಳು. ಬರೀ ಗಾಳಿ. ಮತ್ತೆ ಊದಿದಳು. ಕೆಳಗಿನ ಸ್ವರವೊಂದು ಒರಟಾಗಿ ಎದ್ದು ನಿಂತಿತು.

ಮೇಲಿನ ಸ್ವರಗಳು ಮೊದಲಿನಂತೆ ಬರಲೇ ಇಲ್ಲ. ತೆಳುವಾದವು, ಒಮ್ಮೊಮ್ಮೆ ಒಡೆದವು. ಮೇಷ್ಟ್ರು ಅವಳಿಗೆ ಕೆಳಸ್ವರಗಳ ಪಾಲನ್ನೇ ಕೊಟ್ಟರು. ಈಗ ಹಿಂದಿನ ಸಾಲಿನಲ್ಲಿ ಅವಳು ಅದನ್ನು ಸೊಗಸಾಗಿ ನುಡಿಸುತ್ತಾಳೆ. ಆದರೆ ಪ್ರತಿ ಸಲ ಮೊದಲ ಉಸಿರಿಗೆ ಮುನ್ನ ನಾಲಿಗೆ ತಾನಾಗಿ ಹೊಸ ಹಲ್ಲನ್ನು ತಡವಿ ನೋಡುತ್ತದೆ. ಆ ಹೆದರಿಕೆ ಹೋಗಿಲ್ಲ.